ಪಿಕಪ್ ಹಿಂದೆ ಮಂಚ, ಅದರ ಕೆಳಗೆ ಡ್ರಾಯರ್: ಮೂರು ಮಳೆಗಾಲ ಬಳಸಿದ ಮೇಲೆ

ಮಲೆನಾಡಿನಲ್ಲಿ ಪಿಕಪ್ ಹಿಂದೆ ಮಂಚ ಮಾಡಿಸುವವರು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಒದ್ದೆಯಾದರೆ ಇದು ಎಷ್ಟು ಬೇಗ ಒಣಗುತ್ತದೆ? ಜಾಗ, ಭಾರ, ಅಂದ ಚೆಂದ ಎಲ್ಲ ಆಮೇಲೆ. ಮೂರು ಮಳೆಗಾಲ ಬಳಸಿದ ಮೇಲೆ ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನನ್ನದು ಅಡಿಕೆ ಸುಲಿಯುವ ಯಂತ್ರದ ರಿಪೇರಿ ಕೆಲಸ. ಶಿವಮೊಗ್ಗದಲ್ಲಿ ಅಂಗಡಿ ಇದೆ. ಕೊಯ್ಲು ಶುರುವಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸುತ್ತಾಟವೇ ಜಾಸ್ತಿ. ಕೊನೆ, ಅಂದರೆ ಅಡಿಕೆ ಗೊಂಚಲು, ಮರದಿಂದ ಇಳಿಸಿದ ಮೇಲೆ ಹಸಿ ಅಡಿಕೆ ಕಾಯುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಚಪ್ಪರಕ್ಕೆ ಹಾಕಬೇಕು. ಹಾಗಾಗಿ ಯಂತ್ರ ನಿಂತರೆ ರಾತ್ರಿ ಎಷ್ಟೊತ್ತಿಗಾದರೂ ಫೋನ್ ಬರುತ್ತದೆ. ಕೆಲಸ ಮುಗಿಯುವಾಗ ನಡುರಾತ್ರಿ. ಆ ಹೊತ್ತಿನಲ್ಲಿ ಕಾಡಿನ ತಿರುವುಗಳಲ್ಲಿ ನಿದ್ದೆಗಣ್ಣಲ್ಲಿ ಗಾಡಿ ಓಡಿಸುವುದು ಬೇಡ ಅಂತಲೇ ಈ ಮಂಚ ಮಾಡಿಸಿದ್ದು.

"ಒಳಗೆ ಜಾಗ ಇಲ್ವಾ, ಗಾಡೀಲಿ ಯಾಕೆ ಮಲಗ್ತೀರಿ ಮಾರಾಯ್ರೆ?" ಅಂತ ಪ್ರತಿ ಮನೆಯಲ್ಲೂ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುವುದು. ಆದರೆ ಕೊಯ್ಲಿನ ಹೊತ್ತಿಗೆ ಜಗಲಿ ತುಂಬ ಅಡಿಕೆ, ಕೊಟ್ಟಿಗೆ ತುಂಬ ಕೆಲಸದವರು. ಆ ಗಲಾಟೆಯಲ್ಲಿ ಇನ್ನಿಬ್ಬರಿಗೆ ಹಾಸಿಗೆ ಹುಡುಕಿ ಅನ್ನುವುದು ಸರಿಯಲ್ಲ.

ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಬಾಡಿ 1485 ಮಿ.ಮೀ. ಉದ್ದ, 1530 ಮಿ.ಮೀ. ಅಗಲ, 465 ಮಿ.ಮೀ. ಆಳ. ಅಂದರೆ ಉದ್ದ ಐದಡಿಗೆ ಒಂದೂವರೆ ಇಂಚು ಕಮ್ಮಿ. ನಾನು ಐದಡಿ ಏಳಿಂಚು. ಎರಡು ಸಾಲು ಸೀಟಿರುವ ಪಿಕಪ್‌ಗಳಲ್ಲಿ ಇದೇ ತಕರಾರು, ಹಿಂದಿನ ಡೋರ್ ಮುಚ್ಚಿಕೊಂಡು ನೆಟ್ಟಗೆ ಮಲಗಲು ಆಗುವುದಿಲ್ಲ. ಆದರೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಏಳಡಿ ಇದೆ. ಮೂಲೆಗಳು ಕಿರಿದಾಗುವುದರಿಂದ ಆ ಏಳಡಿ ಪೂರ್ತಿ ಬಳಕೆಗೆ ಬರುವುದಿಲ್ಲ, ಆದರೂ ನನ್ನ ಎತ್ತರಕ್ಕೆ ಧಾರಾಳ. ಮಳೆಯಿದ್ದು ಒಬ್ಬನೇ ಇದ್ದರೆ ಡೋರ್ ಹಾಕಿಕೊಂಡು ಓರೆಯಾಗಿ ಮಲಗುತ್ತೇನೆ. ಜೊತೆಗೆ ಕೆಲಸದ ಹುಡುಗ ಬಂದಿದ್ದರೆ ಡೋರ್ ಇಳಿಸಿ, ಮಂಚದ ತುದಿಗೆ ಪಿಯಾನೋ ಹಿಂಜ್ (ಉದ್ದ ಪಟ್ಟಿಯಂಥ ತಿರುಗಣೆ) ಹಾಕಿ ಕೂರಿಸಿರುವ ಒಂದೂವರೆ ಅಡಿ ಹಲಗೆಯನ್ನು ಅದರ ಮೇಲೆ ಬಿಡಿಸುತ್ತೇನೆ. ಆಗ ಇಬ್ಬರೂ ನೆಟ್ಟಗೆ ಕಾಲು ಚಾಚಬಹುದು. ಕಾಲಿನ ಕಡೆಗೆ ಟಾರ್ಪಲ್ ಕಟ್ಟಲೇಬೇಕು. ಜುಲೈನ ಗಾಳಿಮಳೆಗೆ ಆ ಟಾರ್ಪಲ್ ಸಾಲುವುದಿಲ್ಲ. ಹಾಗಾಗಿ ಜೋರು ಮಳೆಯಲ್ಲಿ ಇಬ್ಬರು ಮಲಗುವ ಗಾಡಿ ಇದಲ್ಲ.

ಮಂಚ ಬಾಡಿಯ ತಳದಿಂದ ಹನ್ನೊಂದು ಇಂಚು ಎತ್ತರ ಇದೆ. ಚಕ್ರದ ಮೇಲಿನ ಉಬ್ಬು ದಾಟಲು ಅಷ್ಟು ಬೇಕೇ ಬೇಕು. ಮೇಲೆ ಫೈಬರ್ ಕ್ಯಾನಪಿ, ಅಂದರೆ ಹಿಂದಿನ ಬಾಡಿಯನ್ನು ಮುಚ್ಚುವ ಗೂಡು. ನಡುವೆ ಉಳಿಯುವುದು ಎರಡೂಕಾಲು ಅಡಿ. ಒರಗಬಹುದು, ಮಗ್ಗುಲು ಬದಲಿಸಬಹುದು, ನೆಟ್ಟಗೆ ಕೂರಲಾಗದು. ಡ್ರಾಯರ್ ಇನ್ನೂ ಆಳ ಬೇಕು ಅನ್ನುವವರು ಇದನ್ನು ನೆನಪಿಡಿ. ಕೆಳಗೆ ಹೆಚ್ಚಿಸಿದ ಪ್ರತಿ ಇಂಚೂ ತಲೆಯ ಮೇಲೆ ಕಳೆದುಹೋಗುತ್ತದೆ.

ಈಗ ಮುಖ್ಯ ವಿಷಯ, ಮರ ಮತ್ತು ಕಬ್ಬಿಣ.

ಪ್ಲೈವುಡ್ ಐಎಸ್ 710 ಮುದ್ರೆ (ಮರೀನ್ ಪ್ಲೈಗೆ ಇರುವ ಭಾರತೀಯ ಮಾನಕ) ಇರುವುದನ್ನೇ ಹಾಕಿಸಿದೆ. 72 ಗಂಟೆ ನೀರಿನಲ್ಲಿ ಕುದಿಸಿದರೂ ಅಂಟು ಬಿಡಬಾರದು ಅನ್ನುವುದು ಆ ಮುದ್ರೆಯ ಪರೀಕ್ಷೆ. ಎಂಆರ್ ಅಂತ ಬರುವ, ಬರೀ ತೇವ ತಡೆಯುವ ಅಗ್ಗದ ಪ್ಲೈ ಮನೆಯೊಳಗಿನ ಕಪಾಟಿಗೆ ಸರಿ, ಇಲ್ಲಿಗೆ ಖಂಡಿತ ಬೇಡ. ಆದರೆ ಮುದ್ರೆ ಇದ್ದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ. ಪ್ಲೈ ನೀರು ಕುಡಿಯುವುದು ಕತ್ತರಿಸಿದ ಅಂಚಿನಿಂದ. ಸ್ಕ್ರೂ ತೂತಿನಿಂದ. ಮೇಲಿನ ಹಲಗೆಗಳ ಅಂಚಿಗೆ ನಾನೇ ನೀರು ತಡೆಯುವ ಎಪಾಕ್ಸಿ ಅಂಟು ಎರಡು ಕೈ ಬಳಿದಿದ್ದೆ, ಅವು ಇವತ್ತಿಗೂ ಹಾಗೇ ಇವೆ. ಡ್ರಾಯರ್ ಮುಂಭಾಗದ ಹಲಗೆಯನ್ನು ವರ್ಕ್‌ಶಾಪಿನವರು ಬರೀ ಪೇಂಟ್ ಹೊಡೆದು ಕೂರಿಸಿ ಕೊಟ್ಟಿದ್ದರು. ಎರಡನೇ ಮಳೆಗಾಲದಲ್ಲಿ ಕೆಳಗಿನ ಅಂಚು ಉಬ್ಬಿ ಪದರ ಬಿಡಲು ಶುರುವಾಯಿತು.

18 ಮಿ.ಮೀ.ನ ಎಂಟು-ನಾಲ್ಕರ ಹಾಳೆ ಒಂದಕ್ಕೆ ಮೂವತ್ತು ಕೆಜಿ ಮೇಲೆ ತೂಕ. ಅಷ್ಟು ದಪ್ಪ ಬೇಕಿಲ್ಲ. ಒಂದಿಂಚಿನ ಸ್ಕ್ವೇರ್ ಪೈಪ್ ಫ್ರೇಮ್ ಮೇಲೆ 12 ಮಿ.ಮೀ. ಹಾಳೆ ಸಾಕು, ಮಧ್ಯೆ ಎರಡು ಅಡ್ಡಪಟ್ಟಿ ಇದ್ದರೆ ಇಬ್ಬರ ಭಾರಕ್ಕೂ ಬಗ್ಗುವುದಿಲ್ಲ. ಮೇಲಿನ ಹಲಗೆಯನ್ನು ಮೂರು ತುಂಡು ಮಾಡಿಸಿದ್ದೇನೆ. ಬಿಸಿಲು ಕಂಡ ಕೂಡಲೇ ಒಬ್ಬರೇ ಎತ್ತಿ ಕಣದಲ್ಲಿ ನಿಲ್ಲಿಸಬಹುದು. ಹಲಗೆಗಳಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ತೂತುಗಳಿವೆ. ಅವಿಲ್ಲದಿದ್ದರೆ ಹಾಸಿಗೆಯ ಕೆಳಗೆ ಬೂಷ್ಟು ಬರುವುದು ಗ್ಯಾರಂಟಿ. ಮಲಗಿದವರ ಬಿಸಿ ಮೇಲಿಂದ, ತಣ್ಣನೆ ಗಾಳಿ ಕೆಳಗಿಂದ, ನಡುವೆ ನೀರಾಗುತ್ತದೆ. ಹತ್ತಿ ಹಾಸಿಗೆ ಬೇಡವೇ ಬೇಡ. ನಾನು ತೆಳು ಫೋಮ್ ಹಾಸಿಗೆ ಹಾಕಿ ಮೇಲೊಂದು ಕಂಬಳಿ ಹಾಸುತ್ತೇನೆ. ಕಂಬಳಿ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ, ನಮ್ಮ ಹಿರಿಯರು ಮಳೆಗಾಲವನ್ನೆಲ್ಲ ಕಂಬಳಿ ಕೊಪ್ಪೆಯಲ್ಲೇ ಕಳೆದವರಲ್ವಾ.

ಡ್ರಾಯರ್ ವಿಷಯಕ್ಕೆ ಬಂದರೆ, ಈ ಕೆಲಸದಲ್ಲಿ ನನಗೆ ಬೇಸರ ತಂದಿದ್ದು ಅದೊಂದೇ. ಎರಡು ಡ್ರಾಯರ್ ಇವೆ, ಪೂರ್ತಿ ಉದ್ದ. ಬಲಗಡೆಯದರಲ್ಲಿ ಸ್ಪ್ಯಾನರ್ ಸೆಟ್ಟು, ಪುಲ್ಲರ್, ವಿ-ಬೆಲ್ಟು, ಬೇರಿಂಗು, ಬ್ಲೇಡು. ಎಡಗಡೆ ಸ್ಟೌ, ಪಾತ್ರೆ, ಬಟ್ಟೆ. ವರ್ಕ್‌ಶಾಪಿನವರು ಅಡುಗೆಮನೆಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್ (ಗುಂಡುಗಳ ಮೇಲೆ ಜಾರುವ ಪಟ್ಟಿ) ಹಾಕಿ ಕೊಟ್ಟರು. ಮೊದಲ ಬೇಸಿಗೆಯಲ್ಲಿ ನಮ್ಮ ಕೆಂಪು ಧೂಳು ಅದರ ಗ್ರೀಸಿಗೆ ಸೇರಿ ಅರೆಯುವ ಸದ್ದು ಬರತೊಡಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡುಗಳು ತುಕ್ಕು ಹಿಡಿದು ಬಲಗಡೆಯದು ಅರ್ಧಕ್ಕೆ ನಿಂತುಹೋಯಿತು. ಆ ಚಾನೆಲ್‌ಗಳು ಇರುವುದೇ ಧೂಳಿಲ್ಲದ, ಒಣ ಜಾಗಕ್ಕೆ. ಜೊತೆಗೆ ಕಬ್ಬಿಣದ ಸಾಮಾನು ತುಂಬಿದ ಉದ್ದ ಡ್ರಾಯರ್ ಪೂರ್ತಿ ಹೊರಗೆ ಎಳೆದಾಗ ಭಾರವೆಲ್ಲ ತುದಿಗೆ ಬಂದು ಚಾನೆಲ್ ತಿರುಚುತ್ತದೆ.

ಅವನ್ನು ಕಿತ್ತು, ಫ್ರೇಮಿಗೆ 6201 ನಂಬರಿನ ಬೇರಿಂಗ್‌ಗಳನ್ನು ಬೋಲ್ಟ್ ಹಾಕಿ ರೋಲರ್ ಥರ ಕೂರಿಸಿದೆ. ಎರಡೂ ಕಡೆ ರಬ್ಬರ್ ಸೀಲ್ ಇರುವುದೇ ಬೇಕು, ಹೆಸರಿನ ಕೊನೆಗೆ 2ಆರ್‌ಎಸ್ ಅಂತ ಇರುತ್ತದೆ. ಡ್ರಾಯರ್‌ನ ಪಕ್ಕಕ್ಕೆ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿ. ನೈಲಾನ್ ನೀರು ಹೀರಿ ಸ್ವಲ್ಪ ಉಬ್ಬುತ್ತದೆ, ಇದು ಉಬ್ಬುವುದಿಲ್ಲ. ಆಮೇಲಿಂದ ಒಂದೇ ಕೈಯಲ್ಲಿ ಎಳೆಯುತ್ತೇನೆ. ಬೇರಿಂಗ್ ಹೋದರೂ ಚಿಂತೆಯಿಲ್ಲ, ಅದು ಯಾವ ಊರಿನ ಮೋಟಾರ್ ಅಂಗಡಿಯಲ್ಲೂ ಸಿಗುವ ಸಾಮಾನು. ಪೇಟೆಯಿಂದ ದೂರ ಓಡಾಡುವವರಿಗೆ ಇದು ದೊಡ್ಡ ಧೈರ್ಯ.

ಘಾಟಿ ಹತ್ತುವವರು ಡ್ರಾಯರ್‌ಗೆ ಚಿಲಕ ಹಾಕಿಸದೆ ಇರಬೇಡಿ. ಆಗುಂಬೆಯ 14 ತಿರುವು ಹತ್ತುವಾಗ ತೂಕವೆಲ್ಲ ಹಿಂದಕ್ಕೆ ಜಾರಿ ಡೋರಿಗೆ ಗುದ್ದುತ್ತದೆ. ಎರಡೂ ಡ್ರಾಯರ್‌ಗೆ ದಪ್ಪ ಟವರ್ ಬೋಲ್ಟ್ ಹಾಕಿಸಿದ್ದೇನೆ. ಅಲ್ಲಾಡುವುದಿಲ್ಲ.

ಫ್ರೇಮ್ ಕೂರಿಸಲು ಗಾಡಿಯ ಬಾಡಿಯಲ್ಲಿ ಒಂದೂ ತೂತು ಹೊಡೆಸಿಲ್ಲ. ಕೆಳಗೆ ರಬ್ಬರ್ ಮ್ಯಾಟ್, ನಾಲ್ಕು ಮೂಲೆಯ ಹಗ್ಗ ಕಟ್ಟುವ ಕೊಕ್ಕೆಗಳಿಗೆ ಟರ್ನ್‌ಬಕಲ್ (ತಿರುಗಿಸಿ ಬಿಗಿಮಾಡುವ ಕೊಂಡಿ) ಬಿಗಿದಿದ್ದೇನೆ. ನಮ್ಮಲ್ಲಿ ಬಾಡಿಯಲ್ಲಿ ಹೊಡೆದ ತೂತು ಅಂದರೆ ತುಕ್ಕಿಗೆ ಕೊಟ್ಟ ದಾರಿ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರಚನೆ ಬದಲಿಸಲು ಬಿಡುವುದಿಲ್ಲ. ಇದು ಬಿಚ್ಚಿ ಇಳಿಸುವ ಸಾಮಾನು, ಹೊರೆಯ ಲೆಕ್ಕ. ಗಾಡಿ ಓಡುವಾಗ ಮಾತ್ರ ಹಿಂದೆ ಯಾರನ್ನೂ ಮಲಗಿಸಬೇಡಿ. ನಿಂತಾಗಲೂ ಮುಚ್ಚಿದ ಕ್ಯಾನಪಿಯೊಳಗೆ ಸ್ಟೌ ಹಚ್ಚಬೇಡಿ. ಆ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಕಬ್ಬಿಣದ ಬಗ್ಗೆ ಇನ್ನೊಂದು ಮಾತು, ಅಡಿಕೆ ತೋಟದವರಿಗೆ. ಮಂಚದ ಹಲಗೆ ತೆಗೆದು ಕೆಲವೊಮ್ಮೆ ಹಸಿ ಕೊನೆ ತುಂಬಿದ್ದೇನೆ. ಅದರ ಒಗರು ನೀರು ಪೇಂಟ್ ಎದ್ದ ಕಬ್ಬಿಣಕ್ಕೆ ತಾಗಿದರೆ ಮಸಿಯಂಥ ಕಪ್ಪು ಕಲೆ ಬೀಳುತ್ತದೆ. ಅದೇ ದಿನ ತೊಳೆಯಬೇಕು. ಸಿಪ್ಪೆಯ ನಾರು ಬಾಡಿಯ ನೀರು ಹೋಗುವ ತೂತಿಗೆ ಸಿಕ್ಕಿಕೊಂಡರೆ ಫ್ರೇಮಿನ ಕಾಲು ನೀರಲ್ಲೇ ನಿಂತಿರುತ್ತದೆ. ಸ್ಕ್ರೂ ಎಲ್ಲ ಎಸ್‌ಎಸ್ 304, ಅಂದರೆ ಸ್ಟೇನ್‌ಲೆಸ್ ಸ್ಟೀಲಿನವೇ ಹಾಕಿಸಿ. ಬೆಲೆ ಜಾಸ್ತಿ ಅನಿಸುತ್ತದೆ, ಆದರೆ ಬಿಚ್ಚಬೇಕಾದ ದಿನ ಬಿಚ್ಚಲು ಬರುತ್ತದೆ.

ಕ್ಯಾನಪಿ ಬಿಟ್ಟು ಖರ್ಚು ಮೂವತ್ತು ಸಾವಿರದ ಆಸುಪಾಸು. ಮೈಲೇಜಿನಲ್ಲಿ ಹೇಳುವಂಥ ವ್ಯತ್ಯಾಸ ಕಂಡಿಲ್ಲ.

ಕ್ಯಾನಪಿಯ ಕಿಟಕಿಗಳನ್ನು ಎಂಥ ಚಳಿಯಲ್ಲೂ ಎರಡು ಬೆರಳಷ್ಟು ತೆರೆದಿಡುತ್ತೇನೆ. ಪೂರ್ತಿ ಮುಚ್ಚಿದರೆ ಬೆಳಗಿನ ಜಾವ ಇಬ್ಬರ ಉಸಿರೂ ಫೈಬರ್‌ನಿಂದ ಹನಿಯಾಗಿ ಮುಖದ ಮೇಲೆ ಬೀಳುತ್ತದೆ. ತೆರೆದ ಕಡೆ ಸೊಳ್ಳೆ ಪರದೆ ಇದೆ.

ಟೆಂಟ್ ಸಾಲದಾ ಅಂತ ಕೇಳುವವರಿದ್ದಾರೆ. ನಮ್ಮ ಕಡೆ ಸಾಲದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುವಂಥದ್ದು. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ನಮ್ಮ ಕೊಯ್ಲಿನ ಕೊನೆ ಭಾಗವೂ ಅದರೊಳಗೇ ಬರುತ್ತದೆ. ಆ ದಿನಗಳಲ್ಲಿ ಕಾಡಿನಂಚಿನ ದರಗಿನ ಮೇಲೆ ಮಲಗುವುದು ಬೇಡ. ಕಾಲಿಗೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡೇ ಕೆಲಸ ಮಾಡಿ, ಬಟ್ಟೆ ಕೊಡವಿ, ಆಮೇಲೆ ಗಾಡಿ ಹತ್ತಿ. ನೆಲದಿಂದ ಮೂರಡಿ ಮೇಲೆ ಮಲಗುವುದರಲ್ಲಿ ನನಗಿರುವ ಸಮಾಧಾನ ದೊಡ್ಡದು. ಇನ್ನು ಅಭಯಾರಣ್ಯದೊಳಗೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯುವಂತಿಲ್ಲ. ಕೊಡಚಾದ್ರಿಯ ಸುತ್ತ, ಶರಾವತಿ ಕಣಿವೆಯ ಕಡೆ ಹೋಗುವವರು ಯಾರದಾದರೂ ಅಂಗಳ ಕೇಳಿ. ಇಲ್ಲ ಅನ್ನುವವರು ಕಮ್ಮಿ.

ಡ್ರಾಯರ್‌ನ ಉಬ್ಬಿದ ಮುಂಭಾಗಕ್ಕೆ ಈ ಸಲ ಹಲಸಿನ ಹಲಗೆ ಹಾಕಿಸುತ್ತಿದ್ದೇನೆ, ಪ್ಲೈ ಅಲ್ಲ. ತೀರ್ಥಹಳ್ಳಿಯ ಬಡಗಿಯೊಬ್ಬರಿಗೆ ಅಳತೆ ಕೊಟ್ಟಾಗಿದೆ. ಕಾಲಿಂಚು ಸಡಿಲ ಬಿಡಿ ಅಂದಿದ್ದೇನೆ, ಮಳೆಗಾಲದಲ್ಲಿ ಮರ ಹಿಗ್ಗುವುದಕ್ಕೆ.