ಕ್ಲಬ್ ಮಾಲೀಕರ ಮೇಲ್ವಿಚಾರಣೆ: ರೆಡಿಂಗ್ ಮಾರಾಟದಲ್ಲಿ ಇಎಫ್‌ಎಲ್ ಸೇವೆಗೆ ಐದರಲ್ಲಿ ಒಂದೂವರೆ

ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್‌ನ ಕೆಳಗಿರುವ ಮೂರು ಡಿವಿಷನ್‌ಗಳ 72 ಕ್ಲಬ್‌ಗಳ ಪಂದ್ಯಾವಳಿ ನಡೆಸುವ ಸಂಸ್ಥೆ ಇಎಫ್‌ಎಲ್, ಅಂದರೆ ಇಂಗ್ಲಿಷ್ ಫುಟ್‌ಬಾಲ್ ಲೀಗ್. ವೇಳಾಪಟ್ಟಿ, ಟಿವಿ ಹಕ್ಕು, ಕಪ್ ಪಂದ್ಯ ಇವೆಲ್ಲ ಎದ್ದು ಕಾಣುವ ಕೆಲಸಗಳು. ಸೀಸನ್ ಟಿಕೆಟ್ ಕೊಂಡವನಿಗೆ ಇವಕ್ಕಿಂತ ಮುಖ್ಯವಾದದ್ದು ಕಾಣದ ಕೆಲಸ: ಕ್ಲಬ್ ಯಾರ ಕೈಗೆ ಹೋಗಬಹುದು, ಹೋದ ಮೇಲೆ ಸಂಬಳ ಮತ್ತು ತೆರಿಗೆ ಸರಿಯಾಗಿ ಕಟ್ಟುತ್ತಿದ್ದಾರೋ ಇಲ್ಲವೋ, ಕಟ್ಟದಿದ್ದರೆ ಮಾಲೀಕನನ್ನು ಹೊರಗೆ ಕಳಿಸುವುದು ಹೇಗೆ. ಇಲ್ಲಿ ಅಳೆಯುತ್ತಿರುವುದು ಈ ಸೇವೆಯನ್ನು, ಅಳೆಯಲು ತೆಗೆದುಕೊಂಡಿರುವುದು ರೆಡಿಂಗ್ ಎಫ್‌ಸಿಯನ್ನು. ರೆಡಿಂಗ್ ಲಂಡನ್ನಿನ ಪಶ್ಚಿಮಕ್ಕೆ ಥೇಮ್ಸ್ ದಂಡೆಯ ಊರು. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರಿಗೆ ಅಪರಿಚಿತವಲ್ಲ. ಕ್ಲಬ್ ಹುಟ್ಟಿದ್ದು 1871ರಲ್ಲಿ. 2006ರಲ್ಲಿ 106 ಪಾಯಿಂಟ್ ಗಳಿಸಿ, ಎರಡನೇ ಡಿವಿಷನ್‌ನಲ್ಲಿ ದಾಖಲೆ ಬರೆದು ಪ್ರೀಮಿಯರ್ ಲೀಗ್‌ಗೆ ಏರಿದ ತಂಡ ಇದು. 2023ರಲ್ಲಿ ಮೂರನೇ ಡಿವಿಷನ್ನಾದ ಲೀಗ್ ಒನ್‌ಗೆ ಇಳಿಯಿತು. ಆಮೇಲೆ ಮಾಲೀಕ ಅದನ್ನು ಮಾರಿ ಮುಗಿಸಲು ಎರಡು ವರ್ಷ ಹಿಡಿಯಿತು.

ಪ್ರವೇಶ ಪರೀಕ್ಷೆ

ಚೀನಾದ ಉದ್ಯಮಿ ಡೈ ಯೊಂಗೆ ಎಂಬವರು ತಮ್ಮ ಸೋದರಿಯೊಂದಿಗೆ ಕ್ಲಬ್ ಕೊಂಡದ್ದು 2017ರ ಮೇ ತಿಂಗಳಲ್ಲಿ. ಅದೇ ತಿಂಗಳ ಕೊನೆಗೆ ವೆಂಬ್ಲಿಯ ಪ್ಲೇ-ಆಫ್ ಫೈನಲ್‌ನಲ್ಲಿ ರೆಡಿಂಗ್ ಹಡರ್ಸ್‌ಫೀಲ್ಡ್ ಎದುರು ಪೆನಾಲ್ಟಿಯಲ್ಲಿ ಸೋತಿತು. ಪ್ರೀಮಿಯರ್ ಲೀಗ್‌ಗೂ ಕ್ಲಬ್‌ಗೂ ನಡುವೆ ಇದ್ದದ್ದು ಒಂದೆರಡು ಒದೆತ. ಹೊಸ ಮಾಲೀಕರು ಆ ಅಂತರವನ್ನು ದುಡ್ಡು ಸುರಿದು ದಾಟಲು ಹೊರಟರು. ಕೆಲವು ವರ್ಷ ಸಂಬಳದ ಬಿಲ್ಲೇ ಕ್ಲಬ್‌ನ ಒಟ್ಟು ಆದಾಯದ ಎರಡು ಪಟ್ಟು ಮೀರಿತ್ತು.

ಇಎಫ್‌ಎಲ್‌ನ ಮಾಲೀಕ-ನಿರ್ದೇಶಕ ಪರೀಕ್ಷೆ ನೋಡುವುದು ಮುಖ್ಯವಾಗಿ ಅನರ್ಹತೆಯನ್ನು: ಅಪರಾಧ ಸಾಬೀತಾಗಿದೆಯೇ, ದಿವಾಳಿಯಾಗಿದ್ದಾರೆಯೇ, ಕಂಪನಿ ನಿರ್ದೇಶಕರಾಗಲು ನಿಷೇಧವಿದೆಯೇ. ಇದರ ಜೊತೆಗೆ ಹಣ ಎಲ್ಲಿಂದ ಬರುತ್ತದೆ, ಸಾಕಾಗುತ್ತದೆಯೇ ಎಂಬ ದಾಖಲೆ ಕೇಳುತ್ತಾರೆ. ಹಣ ಇದೆ ಎಂದು ತೋರಿಸುವುದು ಬೇರೆ, ಅದು ತಿಂಗಳು ತಿಂಗಳು ಇಂಗ್ಲೆಂಡಿಗೆ ಬಂದು ಬೀಳುವುದು ಬೇರೆ. ಈ ಪರೀಕ್ಷೆ ಮೊದಲನೆಯದನ್ನಷ್ಟೇ ಅಳೆಯಿತು. ಡೈ ಕುಟುಂಬಕ್ಕೆ ಸೇರಿದ್ದ ಬೆಲ್ಜಿಯಂನ ರೂಸೆಲಾರೆ ಕ್ಲಬ್ 2020ರಲ್ಲಿ ದಿವಾಳಿಯಾಯಿತು, ಬೀಜಿಂಗ್ ರೆನ್‌ಹೆ 2021ರಲ್ಲಿ ಮುಚ್ಚಿತು. ಆದರೂ ಮೂರನೇ ಕ್ಲಬ್‌ನ ಮಾಲೀಕತ್ವವನ್ನು ಮರುಪರಿಶೀಲಿಸುವ ಗಂಟೆ ಎಲ್ಲೂ ಬಾರಿಸಲಿಲ್ಲ. ಒಳಗೆ ಬರುವಾಗ ಒಮ್ಮೆ ನೋಡಿ ಬಿಟ್ಟರೆ ಮುಗಿಯಿತು ಎಂಬ ಧೋರಣೆಗೆ ಅರ್ಧ ಅಂಕ ಕೊಡುವುದೂ ಉದಾರತನ.

ದಂಡ ಯಾರಿಗೆ

ಈ ಸೇವೆಯ ಅತಿ ದೊಡ್ಡ ದೋಷ ಇಲ್ಲಿದೆ. ಲೆಕ್ಕ ಹೀಗಿದೆ.

ಎರಡನೇ ಡಿವಿಷನ್ನಾದ ಚಾಂಪಿಯನ್‌ಶಿಪ್‌ನಲ್ಲಿ ಆಗ ಮೂರು ವರ್ಷಕ್ಕೆ 3.9 ಕೋಟಿ ಪೌಂಡ್‌ವರೆಗೆ ನಷ್ಟ ತೋರಿಸಬಹುದಿತ್ತು. ರೆಡಿಂಗ್ ತೋರಿಸಿದ್ದು 5.78 ಕೋಟಿ. ಅದಕ್ಕೆ 2021ರ ನವೆಂಬರ್‌ನಲ್ಲಿ ಲೀಗ್ ಪಟ್ಟಿಯಲ್ಲಿ 6 ಪಾಯಿಂಟ್ ಹೋಯಿತು. ಆಗ ಒಪ್ಪಿಕೊಂಡ ವ್ಯವಹಾರ ಯೋಜನೆಯನ್ನು ಪಾಲಿಸಲಿಲ್ಲವೆಂದು 2023ರ ಏಪ್ರಿಲ್‌ನಲ್ಲಿ ಮತ್ತೆ 6. ಸಂಬಳ ತಡವಾಗಿದ್ದಕ್ಕೆ ಆಗಸ್ಟ್‌ನಲ್ಲಿ 1, ಜೊತೆಗೆ ಮತ್ತೆ ತಪ್ಪಿದರೆ ಬೀಳುವಂತೆ ತಲೆಯ ಮೇಲೆ ತೂಗುವ 3. ಒಂದು ತಿಂಗಳ ಸಂಬಳದ 125 ಶೇಕಡಾ ಮೊತ್ತವನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂಬ ಷರತ್ತು ಮುರಿದದ್ದರಿಂದ ಆ ಮೂರೂ ಸೆಪ್ಟೆಂಬರ್‌ನಲ್ಲಿ ಬಿದ್ದವು. ತೆರಿಗೆ ಬಾಕಿಗೆ 2024ರ ಫೆಬ್ರವರಿಯಲ್ಲಿ 2. ಒಟ್ಟು 18.

ಇದರಲ್ಲಿ ಎರಡನೆಯ ಆರನ್ನು ಹತ್ತಿರದಿಂದ ನೋಡಬೇಕು. 2022-23ರ ಕೊನೆಗೆ ರೆಡಿಂಗ್ 44 ಪಾಯಿಂಟ್‌ಗಳೊಂದಿಗೆ 22ನೇ ಸ್ಥಾನದಲ್ಲಿತ್ತು. 24 ತಂಡಗಳಲ್ಲಿ ಕೊನೆಯ ಮೂರು ಕೆಳಗಿಳಿಯುತ್ತವೆ. 21ನೇ ಸ್ಥಾನದ ಕಾರ್ಡಿಫ್ ಬಳಿ ಇದ್ದದ್ದು 49. ಕಡಿತ ಇಲ್ಲದಿದ್ದರೆ ರೆಡಿಂಗ್‌ಗೆ 50 ಆಗುತ್ತಿತ್ತು. ಅಂದರೆ ಮೈದಾನದಲ್ಲಿ ಆಡಿ ಉಳಿಸಿಕೊಂಡ ಜಾಗ ಲೆಕ್ಕದ ಪುಸ್ತಕದಲ್ಲಿ ಹೋಯಿತು. ನಿಯಮ ಮುರಿದವರಿಗೆ ಶಿಕ್ಷೆ ಬೇಡ ಎಂದಲ್ಲ. ಪ್ರಾಮಾಣಿಕವಾಗಿ ಖರ್ಚು ಮಾಡಿದ ಕ್ಲಬ್‌ಗಳಿಗೂ ನ್ಯಾಯ ಬೇಕು, ಅದು ಸರಿ. ಆದರೆ ಕೆಳಗಿಳಿದಾಗ ಟಿವಿ ಪಾಲು, ಟಿಕೆಟ್ ಆದಾಯ, ಪ್ರಾಯೋಜಕರು ಎಲ್ಲ ಒಟ್ಟಿಗೆ ಕುಗ್ಗುತ್ತವೆ. ಪ್ರೀಮಿಯರ್ ಲೀಗ್‌ನಿಂದ ಇಳಿದವರಿಗೆ ಸಿಗುವ ಪ್ಯಾರಾಶೂಟ್ ಹಣ ಇಲ್ಲಿ ಇಲ್ಲ. ಆಟಗಾರರ ಒಪ್ಪಂದದಲ್ಲಿ ಕೆಳಗಿಳಿದರೆ ಸಂಬಳ ಇಳಿಕೆ ಎಂಬ ಕಲಮು ಬರೆದಿರದಿದ್ದರೆ ಖರ್ಚು ಮಾತ್ರ ಹಾಗೇ ನಿಲ್ಲುತ್ತದೆ. ದುಡ್ಡು ಕಟ್ಟಲಾಗದ ಮಾಲೀಕನಿಗೆ ಇನ್ನೂ ಕಟ್ಟಲಾಗದ ಸ್ಥಿತಿ ತಂದಿಟ್ಟು, ಮುಂದಿನ ಬಾಕಿಗೆ ಮತ್ತೆ ಪಾಯಿಂಟ್ ಕಿತ್ತರು.

ಮಾಲೀಕನಿಗೆ ನೇರವಾಗಿ ಆದದ್ದು? ಹನ್ನೆರಡು ತಿಂಗಳು ಅನರ್ಹಗೊಳಿಸಬೇಕೆಂದು ಇಎಫ್‌ಎಲ್ ಕೇಳಿತ್ತು. 2023ರ ಕೊನೆಗೆ ಸ್ವತಂತ್ರ ಶಿಸ್ತು ಆಯೋಗ ಅದನ್ನು ಒಪ್ಪದೆ 20,000 ಪೌಂಡ್ ದಂಡ ಹಾಕಿತು, ಷರತ್ತು ಮೀರಿದರೆ ಇನ್ನೂ 50,000. ಈ ಮಟ್ಟದ ಕ್ಲಬ್ ನಡೆಸುವವನಿಗೆ ಅದು ಚಿಲ್ಲರೆ. ಇಷ್ಟರ ಮಟ್ಟಿಗೆ ಇಎಫ್‌ಎಲ್ ಕೇಳಿದ್ದು ಸರಿಯಾಗಿತ್ತು ಎಂದು ಬರೆಯಬೇಕು. ಅದರ ಕೈಯಲ್ಲಿದ್ದ ಆಯುಧವೇ ಮೊಂಡಾಗಿತ್ತು.

ಮಾರಾಟ ಯಾಕೆ ಸಿಕ್ಕಿಹಾಕಿಕೊಂಡಿತು

"ಮಾರಿ ಹೋಗು" ಎಂದು ಕೂಗುವುದು ಸುಲಭ. ಮಾರಲು ಏನಿದೆ ಎಂಬುದೇ ಕಗ್ಗಂಟು. ಕ್ಲಬ್ ಎಂದು ನಾವು ಕರೆಯುವುದರಲ್ಲಿ ಕನಿಷ್ಠ ಮೂರು ತುಂಡುಗಳಿವೆ. ಲೀಗ್‌ನ ಸದಸ್ಯತ್ವ ಮತ್ತು ಆಟಗಾರರ ಒಪ್ಪಂದ ಇರುವ ಕಂಪನಿ ಒಂದು, ಕ್ರೀಡಾಂಗಣ ಇನ್ನೊಂದು, ತರಬೇತಿ ಮೈದಾನ ಮತ್ತೊಂದು. ರೆಡಿಂಗ್‌ನ ಕ್ರೀಡಾಂಗಣ 1998ರಲ್ಲಿ ತೆರೆದದ್ದು, ಸುಮಾರು 24,000 ಆಸನ. ಡೈ ಕಾಲದಲ್ಲಿ ಅದನ್ನು ಕ್ಲಬ್‌ನಿಂದ ಮಾಲೀಕರದೇ ಇನ್ನೊಂದು ಕಂಪನಿಗೆ ಮಾರಲಾಯಿತು. ಕ್ಲಬ್‌ನ ಲೆಕ್ಕದಲ್ಲಿ ಆ ವರ್ಷ ಲಾಭ ಕಾಣುತ್ತದೆ, ನಷ್ಟದ ಮಿತಿ ಮುಟ್ಟುವುದಿಲ್ಲ. ಡರ್ಬಿ, ಶೆಫೀಲ್ಡ್ ವೆನ್ಸ್‌ಡೇ ಕೂಡ ಇದೇ ದಾರಿ ಹಿಡಿದವು. ಡರ್ಬಿ 2021ರಲ್ಲಿ, ವೆನ್ಸ್‌ಡೇ 2025ರ ಅಕ್ಟೋಬರ್‌ನಲ್ಲಿ ಸಾಲ ತೀರಿಸಲಾಗದೆ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈಗೆ ಹೋದವು. ಅದರ ದಂಡ ತಲಾ 12 ಪಾಯಿಂಟ್. ಈ ದಾರಿಯನ್ನು ಆಗ ಮುಕ್ತವಾಗಿ ಬಿಟ್ಟದ್ದು ಇಎಫ್‌ಎಲ್‌ನದೇ ನಿಯಮ ಪುಸ್ತಕ.

ನಮ್ಮಲ್ಲಿ ಸೈಟು ಕೊಳ್ಳುವ ಮುನ್ನ ಇಸಿ ತೆಗೆಸುತ್ತಾರಲ್ಲ, ಇಲ್ಲಿಯೂ ಅದೇ ಕೆಲಸ ಮೊದಲು. ಬ್ರಿಟನ್ನಿನ ಕಂಪನೀಸ್ ಹೌಸ್ ಜಾಲತಾಣದಲ್ಲಿ ಕ್ಲಬ್ ಕಂಪನಿಯ ಹೆಸರು ಹಾಕಿದರೆ ಕಾಸಿಲ್ಲದೆ ಎಲ್ಲ ಸಿಗುತ್ತದೆ. "ಚಾರ್ಜಸ್" ಎಂಬ ವಿಭಾಗದಲ್ಲಿ ಯಾರಿಗೆ ಯಾವ ಆಸ್ತಿ ಅಡವು, ತೀರಿದೆಯೋ ಇಲ್ಲವೋ ಎಂದಿರುತ್ತದೆ. ಲೆಕ್ಕಪತ್ರ ಸಲ್ಲಿಸುವ ಗಡುವು ಮೀರಿದ್ದರೆ ಮೊದಲ ಪುಟದಲ್ಲೇ ಬರೆದಿರುತ್ತದೆ. ಗಡುವು ಮೀರಿದ ಲೆಕ್ಕ ಸಂಬಳ ತಪ್ಪುವುದಕ್ಕೆ ಮುಂಚೆ ಸಿಗುವ ಒಳ್ಳೆಯ ಸೂಚನೆ. ಕ್ರೀಡಾಂಗಣ ಯಾರ ಹೆಸರಲ್ಲಿದೆ ಎಂದು ತಿಳಿಯಲು ಲ್ಯಾಂಡ್ ರಿಜಿಸ್ಟ್ರಿಯಲ್ಲಿ 7 ಪೌಂಡ್ ಕೊಟ್ಟರೆ ದಾಖಲೆ ಬರುತ್ತದೆ. ಕ್ಲಬ್ ಮತ್ತು ಕ್ರೀಡಾಂಗಣ ಬೇರೆ ಬೇರೆ ಹೆಸರಲ್ಲಿದ್ದರೆ, ಕೊಳ್ಳುವವನು ಎರಡಕ್ಕೂ ಬೆಲೆ ಕಟ್ಟಬೇಕು. ಮಾಲೀಕ ತಾನು ಸುರಿದ ಹಣವನ್ನೆಲ್ಲ ಬೆಲೆಗೆ ಸೇರಿಸಿ ಕೇಳುತ್ತಾನೆ, ಕೊಳ್ಳುವವನು ಮೂರನೇ ಡಿವಿಷನ್ ಕ್ಲಬ್‌ನ ಬೆಲೆ ಹೇಳುತ್ತಾನೆ. ನಡುವಿನ ಅಂತರ ಮುಚ್ಚುವವರೆಗೆ ತಿಂಗಳ ಸಂಬಳ ಯಾರು ಕೊಡಬೇಕು ಎಂಬುದೇ ಎಲ್ಲ ಒಪ್ಪಂದ ಮುರಿಯುವ ಜಾಗ.

ರೆಡಿಂಗ್‌ನಲ್ಲಿ ಆದದ್ದೂ ಇದೇ. 2024ರ ಜನವರಿಯಲ್ಲಿ ಹಣಕ್ಕಾಗಿ ಆಟಗಾರರನ್ನು ಬಿಟ್ಟುಕೊಟ್ಟರು: ನೆಲ್ಸನ್ ಅಬ್ಬೆ ಒಲಿಂಪಿಯಾಕೋಸ್‌ಗೆ, ಟಾಮ್ ಮ್ಯಾಕಿಂಟೈರ್ ಪೋರ್ಟ್ಸ್‌ಮತ್‌ಗೆ, ಕೇಲನ್ ವಿಕರ್ಸ್ ಬ್ರೈಟನ್‌ಗೆ. ಮಾರ್ಚ್‌ನಲ್ಲಿ ಬೇರ್‌ವುಡ್ ತರಬೇತಿ ಕೇಂದ್ರವನ್ನು ಪಕ್ಕದೂರಿನ ವಿಕಂಬ್ ಕ್ಲಬ್‌ಗೆ ಮಾರುವ ಮಾತು ಹೊರಬಂತು. ತರಬೇತಿ ಮೈದಾನ ಹೋದರೆ ಯುವ ಅಕಾಡೆಮಿಯ ದರ್ಜೆ ಹೋಗುತ್ತದೆ, ಮುಂದೆ ಮಾರಲು ಆಟಗಾರರೂ ಇರುವುದಿಲ್ಲ. ಅಭಿಮಾನಿಗಳು ಎರಡೂ ಊರುಗಳಲ್ಲಿ ಗದ್ದಲ ಎಬ್ಬಿಸಿದ ಮೇಲೆ ವಿಕಂಬ್ ಹಿಂದೆ ಸರಿಯಿತು. ಆಗ ವಿಕಂಬ್ ಮಾಲೀಕರಾಗಿದ್ದವರು ಅಮೆರಿಕದ ರಾಬ್ ಕೌಹಿಗ್. ಅವರು ವಿಕಂಬ್ ಮಾರಿ, ಅದೇ ವರ್ಷ ಇಡೀ ರೆಡಿಂಗ್ ಕೊಳ್ಳಲು ಬಂದರು. ಸೆಪ್ಟೆಂಬರ್‌ನಲ್ಲಿ ಅದೂ ಮುರಿಯಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ 2025ರ ಮೇ 14ಕ್ಕೆ ಕ್ಲಬ್, ಕ್ರೀಡಾಂಗಣ, ಬೇರ್‌ವುಡ್ ಮೂರನ್ನೂ ಸೇರಿಸಿ ಕೊಂಡದ್ದು ಕೌಹಿಗ್ ಅವರ ರೆಡ್‌ವುಡ್ ಹೋಲ್ಡಿಂಗ್ಸ್! ತರಬೇತಿ ಮೈದಾನ ಕಿತ್ತುಕೊಳ್ಳಲು ಬಂದವರೆಂದು ಬೈಸಿಕೊಂಡವರೇ ಅದನ್ನು ಉಳಿಸಿದವರಾದರು. ಫುಟ್‌ಬಾಲ್‌ನಲ್ಲಿ ಬೈಗುಳವನ್ನು ಪೆನ್ಸಿಲ್‌ನಲ್ಲಿ ಬರೆಯುವುದು ಒಳ್ಳೆಯದು.

ಈ ಕೊನೆಯ ಹಂತದಲ್ಲಿ ಮಾತ್ರ ಇಎಫ್‌ಎಲ್ ಕೆಲಸ ಮಾಡಿತು. 2025ರ ಆರಂಭದಲ್ಲಿ ಡೈ ಅವರನ್ನು ತನ್ನ ಪರೀಕ್ಷೆಯಡಿ ಅನರ್ಹಗೊಳಿಸಿ, ಏಪ್ರಿಲ್‌ಗೆ ಗಡುವು ಕೊಟ್ಟು ಮಾರಲೇಬೇಕೆಂದಿತು. ಗಡುವು ಮುಂದೆ ಹೋಯಿತು, ಆದರೂ ಎರಡು ವರ್ಷ ಆಗದಿದ್ದದ್ದು ಕೆಲವೇ ವಾರಗಳಲ್ಲಿ ಆಯಿತು. ಒಟ್ಟು ಅಂಕದಲ್ಲಿ ಒಂದು ಪೂರ್ತಿ ಇದಕ್ಕೇ.

ಅಭಿಮಾನಿಗಳ ಪಾಲಿನ ಕೆಲಸ

ದೂರು ಕೊಡುವ ಕೌಂಟರ್ ಈ ಸೇವೆಯಲ್ಲಿ ಇಲ್ಲ. ಹಾಗಾಗಿ ಜನ ತಾವೇ ಕಟ್ಟಿಕೊಂಡರು. ಮಾಲೀಕರ ಹೆಸರನ್ನೇ ಶ್ಲೇಷೆಯಾಗಿಸಿ "ಸೆಲ್ ಬಿಫೋರ್ ವಿ ಡೈ" ಎಂಬ ಗುಂಪು ಹುಟ್ಟಿತು. ಅಷ್ಟು ಹೊತ್ತಿಗೆ ಹೋಗಿದ್ದ 16 ಪಾಯಿಂಟ್‌ಗಳ ಲೆಕ್ಕಕ್ಕೆ ಪಂದ್ಯದ 16ನೇ ನಿಮಿಷದಲ್ಲಿ ಮೈದಾನಕ್ಕೆ ಟೆನಿಸ್ ಚೆಂಡು ಎಸೆಯುವುದು ಅವರ ಪದ್ಧತಿ. ಇದು ಜಾಣ ಆಯ್ಕೆ. ಯಾರಿಗೂ ಪೆಟ್ಟಾಗುವುದಿಲ್ಲ, ಆಟ ನಿಲ್ಲುತ್ತದೆ, ಹಳದಿ ಚೆಂಡುಗಳನ್ನು ಆಟಗಾರರೂ ಸಿಬ್ಬಂದಿಯೂ ಹೆಕ್ಕುವ ದೃಶ್ಯ ಟಿವಿಯಲ್ಲಿ ಬರುತ್ತದೆ, ಯಾಕೆ ಎಂದು ವೀಕ್ಷಕ ವಿವರಣೆಕಾರ ಹೇಳಲೇಬೇಕಾಗುತ್ತದೆ. 2024ರ ಜನವರಿ 13ರಂದು ಪೋರ್ಟ್ ವೇಲ್ ವಿರುದ್ಧ ಅದು ಚೆಂಡಿಗೆ ನಿಲ್ಲಲಿಲ್ಲ. ಸುಮಾರು ಸಾವಿರ ಮಂದಿ ಮೈದಾನಕ್ಕಿಳಿದರು, ಪಂದ್ಯ 16 ನಿಮಿಷಕ್ಕೇ ರದ್ದಾಯಿತು. ಮೈದಾನಕ್ಕಿಳಿಯುವುದು ಅಲ್ಲಿ 1991ರ ಕಾನೂನಿನ ಪ್ರಕಾರ ಅಪರಾಧ, ಕ್ರೀಡಾಂಗಣಗಳಿಂದ ವರ್ಷಗಟ್ಟಲೆ ನಿಷೇಧ ಬೀಳಬಹುದು. ಇದನ್ನು ಅನುಕರಿಸಿ ಎಂದು ಯಾರಿಗೂ ಹೇಳುವ ಹಾಗಿಲ್ಲ. ಆದರೆ ರಾಷ್ಟ್ರೀಯ ಸುದ್ದಿಯಾದದ್ದು ಆ ದಿನವೇ.

ರೆಡಿಂಗ್‌ಗೆ ಇದು ಹೊಸದೂ ಅಲ್ಲ. 1983ರಲ್ಲಿ, ತಂಡ ನಾಲ್ಕನೇ ಡಿವಿಷನ್‌ಗೆ ಇಳಿದ ಅದೇ ವರ್ಷ, ಪಕ್ಕದ ಆಕ್ಸ್‌ಫರ್ಡ್ ಕ್ಲಬ್‌ನ ಮಾಲೀಕನಾಗಿದ್ದ ಪ್ರಕಾಶಕ ರಾಬರ್ಟ್ ಮ್ಯಾಕ್ಸ್‌ವೆಲ್ ರೆಡಿಂಗ್ ಮತ್ತು ಆಕ್ಸ್‌ಫರ್ಡ್ ಎರಡನ್ನೂ ಕೂಡಿಸಿ "ಥೇಮ್ಸ್ ವ್ಯಾಲಿ ರಾಯಲ್ಸ್" ಮಾಡಲು ಹೊರಟಿದ್ದ. ಎರಡೂ ಕಡೆಯ ಅಭಿಮಾನಿಗಳು ತಿರುಗಿಬಿದ್ದರು, ಮಾಜಿ ಆಟಗಾರ ರೋಜರ್ ಸ್ಮೀ ಮುಂದೆ ಬಂದು ಕ್ಲಬ್ ಉಳಿಸಿದರು.

ರಿಪೇರಿಯಾಗದೆ ಉಳಿದದ್ದು

ಪುರುಷರ ತಂಡ 2024-25ರಲ್ಲಿ ಇಷ್ಟೆಲ್ಲದರ ನಡುವೆ 7ನೇ ಸ್ಥಾನ ಗಳಿಸಿ, ಪ್ಲೇ-ಆಫ್ ಅನ್ನು ಒಂದೇ ಸ್ಥಾನದಿಂದ ಕಳೆದುಕೊಂಡಿತು. ಮಹಿಳಾ ತಂಡದ ಕಥೆ ಯಾವ ವಿಮರ್ಶೆಯಲ್ಲೂ ಬರುವುದಿಲ್ಲ, ಬರಬೇಕು. 2023ರವರೆಗೆ ದೇಶದ ಅತ್ಯುನ್ನತ ಮಹಿಳಾ ಲೀಗ್‌ನಲ್ಲಿದ್ದ ತಂಡ, 2024ರ ಬೇಸಿಗೆಯಲ್ಲಿ ಹಣವಿಲ್ಲದೆ ಎರಡನೇ ಹಂತದಿಂದ ಹಿಂದೆ ಸರಿದು ನೇರ ಐದನೇ ಹಂತಕ್ಕೆ ಬಿತ್ತು. ಅವರು ಆಡಿ ಸೋತು ಅಷ್ಟು ಕೆಳಗೆ ಹೋದದ್ದಲ್ಲ. ಪುರುಷರ ಕ್ಲಬ್ ಮಾಲೀಕ ದುಡ್ಡು ಕಟ್ಟದಿದ್ದರೆ ಮಹಿಳಾ ತಂಡಕ್ಕೆ ಏನಾಗಬೇಕು ಎಂಬುದಕ್ಕೆ ಯಾರ ಬಳಿಯೂ ತಯಾರಿ ಇರಲಿಲ್ಲ.

2025ರ ಜುಲೈನಲ್ಲಿ ಬ್ರಿಟನ್ನಿನ ಫುಟ್‌ಬಾಲ್ ಆಡಳಿತ ಕಾಯ್ದೆ ಜಾರಿಗೆ ಒಪ್ಪಿಗೆ ಪಡೆಯಿತು. ಮೇಲಿನ ಐದು ಹಂತದ ಪುರುಷರ ಕ್ಲಬ್‌ಗಳಿಗೆ ಸ್ವತಂತ್ರ ನಿಯಂತ್ರಕ ಬಂದಿದ್ದು, ಕಾಯ್ದೆಯ ಪ್ರಕಾರ ಕ್ಲಬ್ ಆಡಲು ಪರವಾನಗಿ ಬೇಕಾಗುತ್ತದೆ, ಕ್ರೀಡಾಂಗಣ ಮಾರಲು ಅನುಮತಿ ಬೇಕು, ಈಗಾಗಲೇ ಒಳಗಿರುವ ಮಾಲೀಕರನ್ನೂ ಮತ್ತೆ ಪರೀಕ್ಷಿಸುವ ಅಧಿಕಾರವಿದೆ. ಕ್ರೀಡಾಂಗಣವನ್ನು ತನ್ನದೇ ಕಂಪನಿಗೆ ಮಾರಿ ಲೆಕ್ಕ ಸರಿದೂಗಿಸುವ ಆಟಕ್ಕೆ ಇದರಿಂದ ಬೀಗ ಬೀಳಬೇಕು. ಮಹಿಳಾ ಫುಟ್‌ಬಾಲ್ ಮಾತ್ರ ಈ ಕಾಯ್ದೆಯ ಹೊರಗೇ ಇದೆ.