ಫ್ಯಾಮಿಲಿಸರ್ಚ್ ಬಳಸಿದ ಅನುಭವ: ಪಟ್ಟಿ ನೋಡಿ ಬಿಡಬೇಡಿ, ಪುಟ ತೆರೆಯಿರಿ

ಮನೆತನದ ಹಿಂದಿನ ತಲೆಮಾರುಗಳನ್ನು ಹುಡುಕುತ್ತಿದ್ದೀರಾ? ಹಾಗಾದರೆ ಮೊದಲು ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟ್ ನೋಡಿ, ಹಳೆಯ ಜನನ, ಮದುವೆ, ಮರಣ ದಾಖಲೆಗಳನ್ನು ಅಲ್ಲಿ ಹುಡುಕಬಹುದು. ಎರಡು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ವಾರ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಒಂದು ಖಾತೆ ತೆರೆದರೆ ಸಾಕು. ನಡೆಸುವುದು ಅಮೆರಿಕದ ಎಲ್‌ಡಿಎಸ್ ಚರ್ಚು (ಮಾರ್ಮನ್ ಚರ್ಚು ಅಂತಾರಲ್ಲ, ಅದು), ಆದರೆ ಬಳಸೋಕೆ ಆ ಚರ್ಚಿನವರೇ ಆಗಿರಬೇಕು ಅಂತೇನಿಲ್ಲ. ಈ ಕೆಲಸ ಶುರುವಾಗಿದ್ದು 1894ರಲ್ಲಿ. 1938ರಿಂದ ಊರೂರಿನ ರಿಜಿಸ್ಟರುಗಳನ್ನು ಮೈಕ್ರೋಫಿಲ್ಮ್ ಮಾಡುತ್ತಾ (ಅಂದರೆ ಪುಟಗಳ ಪುಟ್ಟ ಚಿತ್ರಗಳನ್ನು ಫಿಲ್ಮ್ ರೋಲಿನ ಮೇಲೆ ತೆಗೆಯುತ್ತಾ) ಬಂದು, ಹಾಗೆ ಸೇರಿದ ಸುಮಾರು 24 ಲಕ್ಷ ರೋಲುಗಳನ್ನು ಸ್ಕ್ಯಾನ್ ಮಾಡಿ ಮುಗಿಸಿದ್ದು 2021ರಲ್ಲಿ!

ನನಗೆ ಇದು ಇಷ್ಟವಾಗೋದು ಮೂಲ ಪುಟದ ಚಿತ್ರಕ್ಕಾಗಿ. ಹುಡುಕಿದಾಗ ಬರುವ ಪಟ್ಟಿ ಯಾರೋ ಹಳೆಯ ಕೈಬರಹ ಓದಿ ಬರೆದುಕೊಂಡಿದ್ದು, ಅಥವಾ ಕಂಪ್ಯೂಟರ್ ಓದಿದ್ದು. ಹೆಸರು, ತಾರೀಖು, ಊರು ಇರುತ್ತದೆ, ಅಷ್ಟೇ. ಪುಟದಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಮದುವೆ ದಾಖಲೆಯಲ್ಲಿ ಸಾಕ್ಷಿಗಳ ಹೆಸರು ಓದಿ, ಎಷ್ಟೋ ಸಲ ಅವರು ಅಣ್ಣನೋ ಭಾವನೋ ಆಗಿರುತ್ತಾರೆ. ಮರಣ ದಾಖಲೆಯಲ್ಲಿ ಮಾಹಿತಿ ಕೊಟ್ಟವರು ಯಾರು ಅಂತ ನೋಡಲೇಬೇಕು. ತೀರಿಕೊಂಡ ದಿನವನ್ನು ಸಾಮಾನ್ಯವಾಗಿ ನಂಬಬಹುದು, ಆದರೆ ಹುಟ್ಟಿದ ವರ್ಷ, ತಂದೆ ತಾಯಿ ಹೆಸರು ಇವೆಲ್ಲ ಉಳಿದವರು ನೆನಪಿನಿಂದ ಹೇಳಿದ್ದು, ಅಳಿಯನಿಗೆ ಮಾವನ ತಾಯಿಯ ಹೆಸರು ಸರಿಯಾಗಿ ಗೊತ್ತಿರುತ್ತದೆ ಅಂತ ಹೇಳೋಕಾಗಲ್ಲ ಅಲ್ವಾ? ಚರ್ಚಿನ ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆಯೂ ಅಷ್ಟೇ. ಜ್ಞಾನಸ್ನಾನದ ತಾರೀಖು ಹುಟ್ಟಿದ ದಿನವಲ್ಲ, ಕೆಲವೊಮ್ಮೆ ತಿಂಗಳುಗಟ್ಟಲೆ ಆಮೇಲಿನದು.

ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಅನುಮಾನ ಇರುವ ಅಕ್ಷರಗಳ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿದರೆ ಬೇರೆ ಬೇರೆ ರೂಪಗಳೂ ಸಿಗುತ್ತವೆ. ಇನ್ನೊಂದು ದಾರಿ, ಮಗುವಿನ ಹೆಸರು ಖಾಲಿ ಬಿಟ್ಟು ತಂದೆ ತಾಯಿ ಹೆಸರಷ್ಟೇ ಕೊಡಿ. ಆಗ ದಾಖಲಾದ ಒಡಹುಟ್ಟಿದವರು ಒಟ್ಟಿಗೆ ಕಾಣಿಸುತ್ತಾರೆ. ನನ್ನ ಅಜ್ಜಿಗೆ ಒಬ್ಬ ತಮ್ಮ ಇದ್ದ ಅಂತ ಗೊತ್ತಾಗಿದ್ದು ಹೀಗೆ. ಒಂದು ಜನನ ದಾಖಲೆ, ಹನ್ನೊಂದು ತಿಂಗಳ ನಂತರ ಒಂದು ಮರಣ ದಾಖಲೆ. ಮನೆಯಲ್ಲಿ ಯಾರೂ ಅವನ ಹೆಸರು ಎತ್ತಿದ್ದೇ ಇಲ್ಲ. ಆ ಪುಟದ ಮುಂದೆ ತುಂಬಾ ಹೊತ್ತು ಕೂತಿದ್ದೆ.

ಎಲ್ಲ ಪುಟವೂ ಮನೆಯಲ್ಲಿ ಕೂತು ತೆರೆಯಲಾಗುವುದಿಲ್ಲ. ದಾಖಲೆ ಯಾರದೋ ಅವರ ಜೊತೆಗಿನ ಒಪ್ಪಂದದಿಂದಾಗಿ ಕೆಲವನ್ನು ಫ್ಯಾಮಿಲಿಸರ್ಚ್‌ನ ಕೇಂದ್ರಕ್ಕೋ ಅದಕ್ಕೆ ಸೇರಿದ ಗ್ರಂಥಾಲಯಕ್ಕೋ ಹೋಗಿಯೇ ನೋಡಬೇಕು. ಇನ್ನು ಕೆಲವು ಪುಟಗಳು ಹೆಸರಿನ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಕ್ಯಾಟಲಾಗ್‌ನಲ್ಲಿ ಊರಿನ ಹೆಸರು ಕೊಟ್ಟು, ರಿಜಿಸ್ಟರ್ ತೆರೆದು, ಒಂದೊಂದೇ ಪುಟ ತಿರುವಬೇಕು. ತಾಳ್ಮೆ ಬೇಕು.

ಅಲ್ಲಿನ ವಂಶವೃಕ್ಷದ ಬಗ್ಗೆ ಮಾತ್ರ ಎಚ್ಚರ. ಅದು ಎಲ್ಲರಿಗೂ ಸೇರಿದ್ದು, ಯಾರು ಬೇಕಾದರೂ ತಿದ್ದಬಹುದು. ದಾಖಲೆ ಜೋಡಿಸದ ಹೆಸರನ್ನು ನಾನು ಬರೀ ಸುಳಿವು ಅಂತ ತಗೊಳ್ಳುತ್ತೇನೆ. ಅಜ್ಜಿಯ ತಮ್ಮನನ್ನು ಅಲ್ಲಿ ಸೇರಿಸುವಾಗ ಆ ಎರಡೂ ಪುಟಗಳನ್ನು ಅವನ ಹೆಸರಿನ ಜೊತೆ ಜೋಡಿಸಿದೆ. ಮುಂದೆ ಅವನನ್ನು ಹುಡುಕಿಕೊಂಡು ಬರುವವರು ಸುಮ್ನೆ ನನ್ನ ಮಾತು ನಂಬಬೇಕಿಲ್ಲ.