ಹಾಸನದಲ್ಲಿ ಫ್ರೀಜರ್‌ಗೆ ಗ್ಯಾಸ್ ತುಂಬಿಸಬೇಕಾ? ಈ ಅಂಗಡಿಗೆ ಹೋಗಿ

ಬಿ.ಎಂ. ರಸ್ತೆ ಕಡೆ ಫ್ರಿಜ್, ಫ್ರೀಜರ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಇದೆ. ಕೆಲಸ ನಿಧಾನ. ಆ ನಿಧಾನಕ್ಕೇ ನಾನು ಐದಕ್ಕೆ ಐದು ಕೊಡುತ್ತೇನೆ.

ನಮ್ಮ ಹಾಲಿನ ಬೂತಿನ ಫ್ರೀಜರ್ ಸ್ವಲ್ಪ ಹೊತ್ತು ಚೆನ್ನಾಗಿ ತಣ್ಣಗಾಗುತ್ತಿತ್ತು, ಆಮೇಲೆ ಕೂಲಿಂಗ್ ನಿಂತೇ ಹೋಗುತ್ತಿತ್ತು, ಆಫ್ ಮಾಡಿ ಬಿಟ್ಟರೆ ಮತ್ತೆ ಸರಿ. ಮೊದಲು ನೋಡಿದವರು ಸುಮ್ನೆ ಗ್ಯಾಸ್ ತುಂಬಿ ಹೋಗುತ್ತಿದ್ದರು. ಇಲ್ಲಿನ ಮೆಕ್ಯಾನಿಕ್ ಕೇಳಿದ ತಕ್ಷಣ, "ಒಳಗೆ ತೇವ ಇದೆ ಮೇಷ್ಟ್ರೇ, ಕ್ಯಾಪಿಲರಿ ತುದೀಲಿ ಐಸ್ ಕಟ್ತಿದೆ" ಅಂದರು. ಕ್ಯಾಪಿಲರಿ ಅಂದರೆ ಒಳಗಿನ ತೀರಾ ಸಣ್ಣ ಪೈಪು. ತಂಪು ಮಾಡುವ ಹಳೇ ಆರ್-134ಎ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರ್‌ಗೆ ಎಳೆದುಕೊಂಡರು. ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುವ ಗ್ಯಾಸ್ ಇದು, ಹಾಗಾಗಿ ನನಗೆ ತುಂಬಾ ಖುಷಿಯಾಯಿತು. ತೇವ ಹೀರುವ ಹೊಸ ಫಿಲ್ಟರ್ ಡ್ರೈಯರ್ ಹಾಕಿದರು. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೀರಲ್ಲಿ ಲೀಕ್ ನೋಡಿದರು. ಆಮೇಲೆ ಫ್ರೀಜರ್ ಒಳಗೆ ಬಲ್ಬ್ ಉರಿಸಿಟ್ಟು, ವ್ಯಾಕ್ಯೂಮ್ ಪಂಪ್ ಹಚ್ಚಿ ಗಂಟೆಗಟ್ಟಲೆ ಬಿಟ್ಟರು.

ಆ ಬಲ್ಬ್ ಯಾಕೆ ಗೊತ್ತಾ? ಲೋಹ ತಣ್ಣಗಿದ್ದಷ್ಟೂ ಅದಕ್ಕೆ ಅಣುಗಳು ಜಾಸ್ತಿ ಅಂಟಿಕೊಳ್ಳುತ್ತವೆ. ಪೈಪಿನೊಳಗಿನ ಗಾಳಿಯನ್ನು ಪಂಪ್ ಬೇಗ ಎಳೆದುಬಿಡುತ್ತದೆ, ಗೋಡೆಗೆ ಅಂಟಿದ ನೀರು ಅಷ್ಟು ಸುಲಭಕ್ಕೆ ಬರುವುದಿಲ್ಲ, ಬೆಚ್ಚಗೆ ಮಾಡಿದರೆ ಬೇಗ ಬಿಡುತ್ತದೆ. 134ಎ ಅಣುಗಳೂ ತಣ್ಣನೆಯ ತಾಮ್ರದ ಮೇಲೆ ಕೂರುತ್ತವೆ. ಆದರೆ ಅವುಗಳ ಹಿಡಿತ ಸಡಿಲ, ಕಾರ್ಬನ್-ಫ್ಲೋರಿನ್ ಬಂಧವಂತೂ ತುಂಬಾ ಗಟ್ಟಿ, ಹಾಗಾಗಿ ಬೆಚ್ಚಗಾದರೆ ಮುರಿಯದೆ ಇಡಿಯಾಗಿ ಎದ್ದು ಹೋಗುತ್ತವೆ. ಅಯೋಡಿನ್ ಇರುವ ಮೀಥೈಲ್ ಅಯೋಡೈಡ್ ಅನ್ನೋ ರಾಸಾಯನಿಕವನ್ನೇ ನೋಡಿ, ಲ್ಯಾಬಿನಲ್ಲಿ ಮೈನಸ್ 170 ಡಿಗ್ರಿ ಹತ್ತಿರ ಅದೂ ತಾಮ್ರದ ಮೇಲೆ ಇಡಿಯಾಗೇ ಕೂರುತ್ತದೆ, ಬಿಸಿ ಏರಿದಂತೆ ಕಾರ್ಬನ್-ಅಯೋಡಿನ್ ಬಂಧ ಮುರಿದು ಅಯೋಡಿನ್ ತಾಮ್ರಕ್ಕೇ ಅಂಟಿ ಉಳಿಯುತ್ತದೆ. ಅಂಥ ಗ್ಯಾಸ್ ಇದ್ದಿದ್ದರೆ ಪೈಪಿನ ಗತಿ ಏನಾಗುತ್ತಿತ್ತು! ನಮ್ಮ ಫ್ರೀಜರಿಗೆ ಕಂಟಕ ತೇವವೇ. ಅದು ಕಂಪ್ರೆಸರ್ ಎಣ್ಣೆ ಜೊತೆ ಸೇರಿ ಆಸಿಡ್ ಮಾಡುತ್ತದೆ. ಉಳಿದ ಚೂರುಪಾರು ತೇವಕ್ಕೆ ಡ್ರೈಯರ್ ಇದೆ, ಅದರೊಳಗಿನ ಕಾಳುಗಳ ರಂಧ್ರ ಎಷ್ಟು ಸಣ್ಣ ಅಂದರೆ ನೀರಿನ ಅಣು ಒಳಗೆ ಹೋಗುತ್ತದೆ, 134ಎ ಹೋಗುವುದಿಲ್ಲ.

ರೇಟು ಬೇರೆ ಕಡೆಗಿಂತ ಜಾಸ್ತಿಯೇ. ಇಡೀ ದಿನ ಬಿಡಬೇಕು, ಟೆಂಪೋ ನೀವೇ ಮಾಡಿಕೊಳ್ಳಬೇಕು, ಐಸ್‌ಕ್ರೀಮ್ ಇದ್ದರೆ ಬೇರೆ ಕಡೆ ಇಡಿ. ಫ್ರಿಜ್ ಹಿಂದೆ ಆರ್-600ಎ ಅಂತ ಬರೆದಿದ್ದರೆ ಮೊದಲೇ ಹೇಳಿ. ಅದು ಬೆಂಕಿ ಹಿಡಿಯುವ ಗ್ಯಾಸ್, ಅದರಲ್ಲಿ ಹ್ಯಾಲೋಜನ್ (ಫ್ಲೋರಿನ್, ಅಯೋಡಿನ್ ಥರದ್ದು) ಇಲ್ಲವೇ ಇಲ್ಲ, ಹ್ಯಾಲೋಜನ್ ಲೀಕ್ ಡಿಟೆಕ್ಟರ್‌ಗೆ ಅದು ಸಿಗುವುದೂ ಇಲ್ಲ.